ಟಾರ್ಕ್ ಎಷ್ಟು ಅಂತ ಯಾರನ್ನು ಕೇಳೋಣ?

ಮನೆಯಂಗಳದಲ್ಲೇ ಬಾನೆಟ್ ಎತ್ತುವವರಿಗೆ ಒಂದು ಬಹಿರಂಗ ಪತ್ರ

ಗೆಳೆಯರೇ,

ಈ ನಡುವೆ ನಿಮ್ಮಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಸರ್, ಕಾರು ತಗೊಂಡಿದ್ದೀನಿ, ಸಣ್ಣಪುಟ್ಟ ಕೆಲಸ ನಾನೇ ಮಾಡ್ಕೋಬೇಕು ಅಂತಿದ್ದೀನಿ. ಇದಕ್ಕೆ ಯಾವ ರಿಪೇರಿ ಪುಸ್ತಕ ಒಳ್ಳೇದು?" ಕಾರು ಹಳೆಯದಾಗಿದ್ದರೆ ಹೇಳಲು ನನ್ನಲ್ಲಿ ಒಂದೆರಡು ಹೆಸರುಗಳಿರುತ್ತವೆ. ಹೊಸದಾಗಿದ್ದರೆ, ಪುಸ್ತಕದ ದುಡ್ಡಿಗೆ ಒಳ್ಳೆಯದೊಂದು ಟಾರ್ಕ್ ರೆಂಚ್ ತಗೊಳ್ಳಿ ಅಂದುಬಿಡುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಪುಸ್ತಕ ನೋಡಿಕೊಂಡೇ ಕೆಲಸ ಕಲಿತವನು ಈಗ ಪುಸ್ತಕ ಬೇಡ ಅನ್ನುತ್ತಾನಲ್ಲ ಎಂದು ಅವರಿಗೆ ಅನ್ನಿಸುವುದು ಸಹಜ. ಒಬ್ಬೊಬ್ಬರಿಗೆ ಅರ್ಧಂಬರ್ಧ ಉತ್ತರ ಕೊಡುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಯೂಟ್ಯೂಬ್ ಬಂತು, ಪುಸ್ತಕ ಹೋಯಿತು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ನಾನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ಯೂಟ್ಯೂಬ್ ಬರುವ ಮೊದಲೇ ಪುಸ್ತಕಕ್ಕೆ ಏದುಸಿರು ಶುರುವಾಗಿತ್ತು. ಕಾರೇ ಬದಲಾಗುತ್ತಿತ್ತು, ಕಣ್ಣಿಗೆ ಕಾಣುತ್ತಿದ್ದ ಕೆಲಸವೆಲ್ಲ ಒಂದೊಂದಾಗಿ ಕಾಣದ ಕಡೆಗೆ ಸರಿಯುತ್ತಿತ್ತು.

ಮನೆಯಲ್ಲಿ ಕಾರು ಬಿಚ್ಚುವವರಿಗಾಗಿಯೇ ಬರೆದ ಪುಸ್ತಕಗಳಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಜಾನ್ ಹೇನ್ಸ್ ಅವರದು. 1938ರಲ್ಲಿ ಸಿಲೋನಿನಲ್ಲಿ ಹುಟ್ಟಿ, ಅಲ್ಲಿಯ ಟೀ ತೋಟದಲ್ಲಿ ಬಾಲ್ಯ ಕಳೆದು, ಓದಲು ಇಂಗ್ಲೆಂಡಿಗೆ ಹೋದವರು. ಶಾಲೆಯಲ್ಲಿದ್ದಾಗಲೇ ಹಳೆಯ ಆಸ್ಟಿನ್ 7 ಕಾರೊಂದನ್ನು ಸ್ಪೋರ್ಟ್ಸ್ ಕಾರಾಗಿ ಮಾರ್ಪಡಿಸಿ, ಅದನ್ನು ಮಾಡಿದ ಬಗೆಯನ್ನು 1956ರಲ್ಲಿ ಕಿರುಪುಸ್ತಕವಾಗಿ ಅಚ್ಚು ಹಾಕಿಸಿ ಮಾರಿದರು. ಮುಂದೆ ವಾಯುಪಡೆಯ ಕೆಲಸದ ಮೇಲೆ ಏಡನ್‌ನಲ್ಲಿದ್ದಾಗ ಗೆಳೆಯರೊಬ್ಬರ ಆಸ್ಟಿನ್ ಹೀಲಿ ಸ್ಪ್ರೈಟ್ ರಿಪೇರಿಗೆ ಕೂತರು. ಕಂಪನಿಯ ಕೈಪಿಡಿ ತರಬೇತಿಯಾದ ಮೆಕ್ಯಾನಿಕ್‌ಗೆ ಬರೆದದ್ದು, ಹೊರಗಿನವರಿಗೆ ತಲೆಬುಡ ಹತ್ತುವಂಥದ್ದಲ್ಲ. ಹಾಗಾಗಿ ಬಿಚ್ಚುವಾಗಲೂ ಕೂಡಿಸುವಾಗಲೂ ಹೆಜ್ಜೆಹೆಜ್ಜೆಗೆ ಫೋಟೊ ತೆಗೆದಿಟ್ಟುಕೊಂಡರು. 1966ರಲ್ಲಿ ಆ ಕಾರಿನ ಮೇಲೆ ಬಂದದ್ದೇ ಮೊದಲ ಹೇನ್ಸ್ ವರ್ಕ್‌ಶಾಪ್ ಮ್ಯಾನ್ಯುಯಲ್. ಅಲ್ಲಿಂದಾಚೆಗೆ ಲೋಕದಲ್ಲೆಲ್ಲ ಮಾರಾಟವಾದ ಹೇನ್ಸ್ ಪುಸ್ತಕಗಳು ಇಪ್ಪತ್ತು ಕೋಟಿಗೂ ಮೇಲೆ.

ಆ ಪುಸ್ತಕಗಳ ಬಂಡವಾಳ ಒಂದೇ: ಬರೆಯುವ ಮೊದಲು ಒಂದು ಕಾರನ್ನು ಪೂರ್ತಿ ಬಿಚ್ಚಿ ಪೂರ್ತಿ ಕೂಡಿಸುವುದು. ಹೀಗೆ ಬರೆದವರಿಗೆ ಯಾವ ಬೋಲ್ಟಿಗೆ ಕೈ ಹೋಗುವುದಿಲ್ಲ, ಯಾವ ಪೈಪು ಮೊದಲು ಕಳಚದಿದ್ದರೆ ಮುಂದಿನದು ಬರುವುದಿಲ್ಲ ಎಂಬುದು ಗೆಣ್ಣು ತರಚಿಕೊಂಡು ಗೊತ್ತಾಗಿರುತ್ತಿತ್ತು. ಕೆಲಸ ಎಷ್ಟು ಕಷ್ಟ ಎಂದು ಸ್ಪ್ಯಾನರ್ ಚಿತ್ರ ಹಾಕಿ ತೋರಿಸುತ್ತಿದ್ದರು. ಒಂದು ಸ್ಪ್ಯಾನರ್ ಇದ್ದರೆ ಯಾರಾದರೂ ಮಾಡಬಹುದು, ಐದಿದ್ದರೆ ಕಸುಬುದಾರರ ಕೆಲಸ. ದೋಷಗಳೂ ಇದ್ದವು. ಬಿಚ್ಚುವುದನ್ನು ಎರಡು ಪುಟ ವಿವರಿಸಿ, ಕೂಡಿಸುವುದು ಅದರ ಉಲ್ಟಾ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುವ ಚಾಳಿ ಆ ಪುಸ್ತಕಗಳಿಗಿತ್ತು. ತುಕ್ಕು ಹಿಡಿದ ಎಕ್ಸಾಸ್ಟ್ ನಟ್ ಯಾವತ್ತೂ ಪುಸ್ತಕದ ಫೋಟೊದಲ್ಲಿರುವಷ್ಟು ಸಲೀಸಾಗಿ ಬಂದದ್ದಿಲ್ಲ. ಆದರೂ ಕೈ ಹಿಡಿದು ಕೊನೆಯವರೆಗೆ ಕರೆದೊಯ್ಯುವ ಪುಸ್ತಕಗಳು ಅವು.

ನಮ್ಮಲ್ಲಿ ಪರಿಸ್ಥಿತಿ ಬೇರೆ. ನಮ್ಮ ಗ್ಯಾರೇಜುಗಳ ವಿದ್ಯೆ ಪುಸ್ತಕದಿಂದ ಬಂದದ್ದಲ್ಲ, ಉಸ್ತಾದರ ಕೈಕೆಳಗೆ ದಸ್-ಗ್ಯಾರಾ ಪಾನಾ ಎತ್ತಿಕೊಡುತ್ತಾ ಬಂದದ್ದು. ಮನೆಯಲ್ಲಿ ಕೂತು ಬಿಚ್ಚುವ ನಮ್ಮಂಥವರಿಗೆ ಉಸ್ತಾದರಿಲ್ಲ. ನಮ್ಮ ಕಾರುಗಳಿಗೆಂದೇ ಬರೆದ ಪುಸ್ತಕವೂ ಇಲ್ಲ. ಆದರೆ ನಮ್ಮ ಕಾರುಗಳೇ ಹೊರಗಿನಿಂದ ಬಂದವಲ್ಲ! ಅಂಬಾಸಿಡರ್ ಅಂದರೆ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿ. ಪದ್ಮಿನಿ ಅಂದರೆ ಫಿಯೆಟ್ 1100. 1985ರಲ್ಲಿ ಬಂದ ಮಾರುತಿ ಜಿಪ್ಸಿ ಮೂಲದಲ್ಲಿ ಸುಜುಕಿ ಎಸ್‌ಜೆ410. ಹಾಗಾಗಿ ಸುಜುಕಿ ಎಸ್‌ಜೆ ಸರಣಿಗೆ ಹೇನ್ಸ್‌ನವರು ತಂದ ಪುಸ್ತಕ ಜಿಪ್ಸಿಗೂ ಬಹುಮಟ್ಟಿಗೆ ಹೊಂದುತ್ತಿತ್ತು. ಬ್ರಿಟನ್ನಿನದಾದ್ದರಿಂದ ಸ್ಟಿಯರಿಂಗ್ ಕೂಡ ಬಲಗಡೆಯೇ. ಕೊಡಗು, ಚಿಕ್ಕಮಗಳೂರು ಕಡೆಯ ಎಸ್ಟೇಟುಗಳಲ್ಲಿ ಜಿಪ್ಸಿ ಇಟ್ಟುಕೊಂಡು, ಸರ್ವಿಸ್ ಸ್ಟೇಷನ್ನಿಗೆ ಹೋಗಬೇಕೆಂದರೆ ಅರ್ಧ ದಿನ ಕಳೆಯಬೇಕಾಗಿದ್ದವರಿಗೆ ಇಂಥ ಪುಸ್ತಕದ ಬೆಲೆ ಗೊತ್ತು. ನನ್ನ ಪ್ರತಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಇರುವ ಪುಟಗಳು ಗೇರ್ ಆಯಿಲ್ ಕುಡಿದು ಅರೆಪಾರದರ್ಶಕವಾಗಿವೆ; ಈಚೆ ಪುಟ ಓದುವಾಗ ಆಚೆ ಪುಟದ ಚಿತ್ರವೂ ಕಾಣುತ್ತದೆ.

ಕಾರ್ಬ್ಯುರೇಟರ್ ಕಾಲದಲ್ಲಿ ಪುಸ್ತಕಕ್ಕೂ ಕಾರಿಗೂ ನಡುವೆ ಮೂರನೆಯವರು ಇರಲಿಲ್ಲ. ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ? ಪ್ಲಗ್ ಬಿಚ್ಚಿ, ಬಾಡಿಗೆ ತಾಗಿಸಿ, ಕಿಡಿ ಬರುತ್ತದಾ ನೋಡಿ. ಬರದಿದ್ದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ ಸುಟ್ಟಿದೆಯಾ ನೋಡಿ, ಅರ್ಧ ಮಿಲಿಮೀಟರಿನ ಆಸುಪಾಸಿನ ಆ ಸಂದನ್ನು ಫೀಲರ್ ಗೇಜ್ ಹಾಕಿ ಸರಿಮಾಡಿ. ಕಿಡಿ ಬರುತ್ತಿದ್ದರೆ ಪೆಟ್ರೋಲು ಬರುತ್ತಿದೆಯಾ ನೋಡಿ. ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿನಲ್ಲಿ ಫೈರಿಂಗ್ ಆರ್ಡರ್ 1-3-2. ಪ್ಲಗ್ ವಯರ್ ಅದಲುಬದಲಾದರೆ ಗಾಡಿ ಕೆಮ್ಮುತ್ತದೆ, ಸರಿಯಾಗಿ ಹಾಕಿದರೆ ಓಡುತ್ತದೆ. ಇದೆಲ್ಲ ಎರಡು ಪುಟದಲ್ಲಿ ಮುಗಿಯುವ ವಿಷಯ. ಹಾಳೆಯ ಮೇಲೆ ಬರೆದದ್ದನ್ನೆಲ್ಲ ಕಣ್ಣಿನಿಂದ, ಕೈಯಿಂದ, ಮೂಗಿನಿಂದ ಪರೀಕ್ಷಿಸಬಹುದಿತ್ತು.

2000ದ ಹೊತ್ತಿಗೆ 800ಕ್ಕೂ ಎಂಪಿಎಫ್‌ಐ ಬಂತು. ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್, ಸೆನ್ಸರ್, ಇಸಿಯು ಎಂಬ ಕಂಪ್ಯೂಟರ್ ಬಂದವು. ಅಮೆರಿಕದಲ್ಲಿ 1996ರಿಂದಲೇ ಕಡ್ಡಾಯವಾಗಿದ್ದ ಓಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆ ಮಾಡಿ ಕೋಡ್ ಬರೆದಿಡುವ ವ್ಯವಸ್ಥೆ, ನಮ್ಮಲ್ಲಿ 2013ರಲ್ಲಿ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಕಾರು ಇನ್ನಷ್ಟು ಬಾಯಿ ಬಿಗಿಹಿಡಿಯಿತು. ಹೊಗೆ ಕಡಿಮೆಯಾಯಿತು, ಅದರ ಬಗ್ಗೆ ನನ್ನ ತಕರಾರಿಲ್ಲ. ಪದ್ಮಿನಿಯ ಹಿಂದೆ ಸ್ಕೂಟರಿನಲ್ಲಿ ಹೋದವರ್‍ಯಾರೂ ಆ ಕಾಲ ಮತ್ತೆ ಬರಲಿ ಅನ್ನುವುದಿಲ್ಲ.

ಪುಸ್ತಕ ಬರೆಯುವವರು ಈ ಹೊಸ ಕಾರುಗಳಿಗೆ ಹೊಂದಿಕೊಂಡ ರೀತಿ ನನಗೆ ಹಿಡಿಸಲಿಲ್ಲ. ಹಳೆಯ ಅಧ್ಯಾಯಗಳನ್ನು ಹಾಗೇ ಇಟ್ಟುಕೊಂಡು, ಕೊನೆಗೊಂದು ಫಾಲ್ಟ್ ಕೋಡ್‌ಗಳ ಪಟ್ಟಿ ಸೇರಿಸಿದರು. ಆರೇಳು ವರ್ಷದ ಮಾದರಿಗಳು, ಪೆಟ್ರೋಲು ಡೀಸೆಲ್ ಎರಡೂ, ನಾಲ್ಕೈದು ಎಂಜಿನ್ನು, ಎಲ್ಲ ಒಂದೇ ರಟ್ಟಿನ ನಡುವೆ. ವೈರಿಂಗ್ ಚಿತ್ರಗಳು ಕಿರಿದಾದವು, ನಿಮ್ಮ ಕಾರಿನದೇ ಆದ ಚಿತ್ರ ಇರುತ್ತದೆಂಬ ಖಾತ್ರಿ ಹೋಯಿತು. ಕಷ್ಟದ ಜಾಗ ಬಂದಾಗಲೆಲ್ಲ ಡೀಲರ್ ಹತ್ತಿರ ಒಯ್ಯಿರಿ ಎಂಬ ಸಲಹೆ. ಡೀಲರ್ ಹತ್ತಿರ ಒಯ್ಯಲು ಪುಸ್ತಕ ಯಾಕೆ ಬೇಕು?

ಪಿ0171 ಎಂಬ ಕೋಡನ್ನೇ ತೆಗೆದುಕೊಳ್ಳಿ. ಎಂಜಿನ್ನಿಗೆ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದು ಅದರ ಅರ್ಥ. ಪಟ್ಟಿಯಲ್ಲಿ ಅಷ್ಟೇ ಬರೆದಿರುತ್ತದೆ. ಕಾರಿನ ಮಾಲೀಕರು ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂದುಕೊಂಡು ಜೆ.ಸಿ. ರಸ್ತೆಗೆ ಓಡುತ್ತಾರೆ, ಸಾವಿರಾರು ರೂಪಾಯಿ ಕೊಟ್ಟು ಹೊಸದು ತಂದು ಹಾಕುತ್ತಾರೆ, ಮೂರನೇ ದಿನ ಚೆಕ್ ಎಂಜಿನ್ ದೀಪ ಮತ್ತೆ ಹತ್ತುತ್ತದೆ. ಪಾಪ, ಆ ಸೆನ್ಸರ್ ಚಾಡಿ ಹೇಳಿದ್ದಷ್ಟೇ, ಕಳ್ಳ ಬೇರೆ ಇದ್ದಾನೆ. ಇನ್‌ಟೇಕ್ ಕಡೆಯ ರಬ್ಬರ್ ಪೈಪು ಸೀಳಿರಬಹುದು, ಗಾಳಿ ಅಳೆಯುವ ಸೆನ್ಸರ್ ಮೇಲೆ ಧೂಳು ಕೂತಿರಬಹುದು, ಪೆಟ್ರೋಲ್ ಪಂಪಿನ ಒತ್ತಡ ಕಡಿಮೆಯಾಗಿರಬಹುದು. ಯಾವುದು ಎಂದು ಪತ್ತೆ ಮಾಡಲು ದಾರಿ ಇದೆ. ಒಂದು ಸಾಧಾರಣ ಬ್ಲೂಟೂತ್ ಸ್ಕ್ಯಾನರನ್ನು ಡ್ಯಾಶ್‌ಬೋರ್ಡಿನ ಕೆಳಗಿರುವ ಹದಿನಾರು ಪಿನ್ನಿನ ಸಾಕೆಟ್ಟಿಗೆ ಚುಚ್ಚಿ, ಮೊಬೈಲಿನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಇಂಧನವನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಅಂಕಿ, ನೋಡುತ್ತಾ ಹೋಗಿ. ಐಡ್ಲಿಂಗ್‌ನಲ್ಲಿ ಟ್ರಿಮ್ ಮೇಲಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸಹಜಕ್ಕೆ ಇಳಿದರೆ, ಎಲ್ಲೋ ಗಾಳಿ ಸೋರಿಕೆ ಇರುವ ಸಂಭವ ಹೆಚ್ಚು. ಎಂಜಿನ್ ನಿಧಾನವಾಗಿದ್ದಾಗ ಆ ಸಣ್ಣ ತೂತಿನ ಗಾಳಿಯೇ ದೊಡ್ಡ ಪಾಲಾಗುತ್ತದೆ. ವೇಗ ಏರಿದಂತೆ ಟ್ರಿಮ್ ಕೂಡ ಏರಿದರೆ ಇಂಧನದ ಕಡೆ ನೋಡಿ.

ಇದನ್ನು ಮುದ್ರಿಸಲು ಯಾವ ಅಡ್ಡಿಯೂ ಇರಲಿಲ್ಲ. ಹೇಗೆ ಯೋಚಿಸಬೇಕು ಎಂಬುದು ಮಾದರಿ ಬದಲಾದರೂ ಹಳತಾಗುವುದಿಲ್ಲ. ಇಪ್ಪತ್ತು ಪುಟ ಇದಕ್ಕೆ ಮೀಸಲಿಟ್ಟಿದ್ದರೆ ಆ ಪುಸ್ತಕಗಳನ್ನು ಇವತ್ತಿಗೂ ಕೊಳ್ಳುತ್ತಿದ್ದೆವು. ಆದರೆ ಅವರು ಬಂಪರ್ ಬಿಚ್ಚುವುದಕ್ಕೆ ಪುಟ ಕೊಟ್ಟರು.

ಕೆಲವು ಕೆಲಸಗಳ ಮುಂದೆ ಮಾತ್ರ ಎಂಥ ಪುಸ್ತಕವೂ ಸೋಲುತ್ತದೆ. ಹಿಂದಿನ ಚಕ್ರದ ಬ್ರೇಕ್ ಪ್ಯಾಡ್ ಬದಲಿಸುವುದು ಒಂದು ಕಾಲಕ್ಕೆ ಭಾನುವಾರ ತಿಂಡಿಗೂ ಊಟಕ್ಕೂ ನಡುವೆ ಮುಗಿಯುವ ಕೆಲಸ. ಜಾಕ್ ಹಾಕು, ಸ್ಟ್ಯಾಂಡ್ ಇಡು, ಕ್ಯಾಲಿಪರ್ ಬಿಚ್ಚು, ಪಿಸ್ಟನ್ ಒಳಗೆ ತಳ್ಳು ಅಥವಾ ತಿರುಗಿಸು, ಹೊಸ ಪ್ಯಾಡ್ ಕೂಡಿಸು. ಈಗ ಹ್ಯಾಂಡ್‌ಬ್ರೇಕ್ ಹೋಗಿ ಗುಂಡಿ ಬಂದಿರುವ ಕಾರುಗಳಲ್ಲಿ ಕ್ಯಾಲಿಪರ್ ಬೆನ್ನಿಗೇ ಒಂದು ಪುಟ್ಟ ಮೋಟರ್ ಇರುತ್ತದೆ. ಸ್ಕ್ಯಾನರಿನಿಂದಲೋ ಕಂಪನಿ ಹೇಳಿಕೊಟ್ಟ ಕ್ರಮದಿಂದಲೋ ಅದನ್ನು ಸರ್ವಿಸ್ ಮೋಡ್‌ಗೆ ತಂದು ಹಿಂದಕ್ಕೆ ಎಳೆಸಿಕೊಳ್ಳದೆ, ಹಳೆಯ ಅಭ್ಯಾಸದಂತೆ ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಗೇರ್ ಹಾಳು. ನಮ್ಮ ಬೀದಿಯವರೊಬ್ಬರ ಕಾರಿಗೆ ಈ ಕೆಲಸ ಮಾಡಲು ನಾವಿಬ್ಬರೂ ಕೂತೆವು. ಕೆಲಸದ ಸಾಮಾನೆಲ್ಲ ಇತ್ತು, ಪ್ಯಾಡ್ ಬಂದಿತ್ತು. ಸರ್ವಿಸ್ ಮೋಡ್‌ಗೆ ತರುವುದು ಹೇಗೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಒಂದಕ್ಷರ ಇಲ್ಲ. ಸರ್ವಿಸ್ ಸೆಂಟರಿಗೆ ಫೋನು ಮಾಡಿದರೆ, "ಗಾಡಿ ತಗೊಂಡ್ಬನ್ನಿ ಸರ್" ಎಂಬ ಒಂದೇ ಉತ್ತರ. ಕೊನೆಗೆ ಹೊರಗಿನ ಗ್ಯಾರೇಜಿನವರೊಬ್ಬರು ತಮ್ಮ ಸ್ಕ್ಯಾನರ್ ತಂದು ಅದನ್ನು ಮಾಡಿಕೊಟ್ಟರು. ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಕಾಮನ್ ರೈಲ್ ಡೀಸೆಲ್ ಇಟ್ಟುಕೊಂಡವರ ಪಾಡೂ ಇದೇ. ಹಲವು ಎಂಜಿನ್ನುಗಳಲ್ಲಿ ಇಂಜೆಕ್ಟರ್ ತಲೆಯ ಮೇಲೆ ಅಕ್ಷರ, ಅಂಕಿ ಕೂಡಿದ ಒಂದು ಸಂಕೇತ ಕೆತ್ತಿರುತ್ತದೆ. ಹೊಸದು ಹಾಕಿದಾಗ ಅದನ್ನು ಇಸಿಯುಗೆ ಬರೆಯಬೇಕು. ಕೆಲವು ಕಾರುಗಳಿಗೆ ಬ್ಯಾಟರಿ ಬದಲಿಸಿದ್ದನ್ನೂ ತಿಳಿಸಬೇಕಂತೆ! ಮುಂದಿನ ಗಾಜಿಗೆ ಕ್ಯಾಮೆರಾ ಅಂಟಿಸಿರುವ ಕಾರುಗಳಲ್ಲಿ ಗಾಜು ಬದಲಾದರೆ ಕ್ಯಾಮೆರಾಕ್ಕೆ ಮತ್ತೆ ದಿಕ್ಕು ಹೇಳಿಕೊಡಬೇಕು. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲುಗಳ ವಿಷಯಕ್ಕೆ ನಾನು ಹೋಗುವುದಿಲ್ಲ, ದಯವಿಟ್ಟು ನೀವೂ ಹೋಗಬೇಡಿ.

ಇಂಗ್ಲೆಂಡಿನಲ್ಲೂ ಕಥೆ ಹೀಗೇ ಮುಗಿಯಿತು. ಜಾನ್ ಹೇನ್ಸ್ 2019ರಲ್ಲಿ ತೀರಿಕೊಂಡರು. ಮರುವರ್ಷ ಕಂಪನಿ ಬೇರೆಯವರ ಕೈಸೇರಿ, ಹೊಸ ಕಾರುಗಳಿಗೆ ಇನ್ನು ಮುದ್ರಿತ ಮ್ಯಾನ್ಯುಯಲ್ ತರುವುದಿಲ್ಲ, ಹಳೆಯವನ್ನಷ್ಟೇ ಅಚ್ಚು ಹಾಕುತ್ತೇವೆ ಎಂದು ಹೇಳಿತು. ಹಲವರು ಮರುಗಿದರು. ನನಗಂತೂ ಅದು ಪ್ರಾಮಾಣಿಕವಾಗಿಯೇ ಕಂಡಿತು.

ಈಗ ಯೂಟ್ಯೂಬಿನ ಮಾತು. ಬಾಗಿಲಿನ ಒಳಹೊದಿಕೆ ತೆಗೆಯುವಾಗ ಯಾವ ಮೂಲೆಯಲ್ಲಿ ಕ್ಲಿಪ್ ಅಡಗಿದೆ ಎಂದು ತೋರಿಸುವುದರಲ್ಲಿ ವಿಡಿಯೊಗೆ ಸಾಟಿ ಇಲ್ಲ. ಪುಸ್ತಕದ ಮಸುಕು ಕಪ್ಪುಬಿಳುಪು ಚಿತ್ರದಲ್ಲಿ ಬಾಣದ ಗುರುತು ನೋಡಿ ನೋಡಿ ಕಣ್ಣು ಸೋತವರಿಗೆ ಅದೊಂದು ವರವೇ. ನಮ್ಮ ಕನ್ನಡದ ಹುಡುಗರೂ ಸೊಗಸಾಗಿ ಮಾಡುತ್ತಿದ್ದಾರೆ. ಆದರೆ ಕೊನೆಗೆ ಬೋಲ್ಟ್ ಬಿಗಿಮಾಡುವ ಗಳಿಗೆ ಬರುತ್ತದಲ್ಲ, ಆಗ ಗಮನಿಸಿ. "ಚೆನ್ನಾಗಿ ಟೈಟ್ ಮಾಡ್ಕೊಳ್ಳಿ ಫ್ರೆಂಡ್ಸ್" ಎಂದು ಮುಂದಕ್ಕೆ ಹೋಗಿಬಿಡುತ್ತಾರೆ. ಚೆನ್ನಾಗಿ ಅಂದರೆ ಎಷ್ಟು?

ಸಿಲಿಂಡರ್ ಹೆಡ್ ಕೂರಿಸುವಾಗ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ ಬಿಗಿಯಬೇಕು. ಬಿಚ್ಚುವಾಗ ಹೊರಗಿನಿಂದ ಒಳಕ್ಕೆ. ಈ ಕ್ರಮ ತಪ್ಪಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹಾರುತ್ತದೆ, ಅದೂ ಇವತ್ತಲ್ಲ, ತಿಂಗಳ ಮೇಲೆ, ಚಾರ್ಮಾಡಿ ಘಾಟಿಯ ಮಧ್ಯದಲ್ಲಿ. ಈಗಿನ ಹಲವು ಎಂಜಿನ್ನುಗಳಲ್ಲಿ ಮೊದಲು ಇಷ್ಟು ನ್ಯೂಟನ್ ಮೀಟರ್, ಆಮೇಲೆ ಇಷ್ಟು ಡಿಗ್ರಿ ತಿರುಗಿಸಿ ಎಂದಿರುತ್ತದೆ. ಆ ಬೋಲ್ಟುಗಳು ಬಿಗಿದಾಗ ಹಿಗ್ಗುವಂತೆಯೇ ಮಾಡಿದವು. ಒಮ್ಮೆ ಬಿಚ್ಚಿದರೆ ಎಸೆದು ಹೊಸದು ಹಾಕಬೇಕು. ನೋಡಲು ಹೊಸದಕ್ಕೂ ಹಳತಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎಷ್ಟು ಅನುಭವವಿದ್ದರೂ ಕೈ ಇದನ್ನು ಊಹಿಸಲಾರದು. ಕಂಪನಿಯೇ ಹೇಳಬೇಕು.

ನಮ್ಮ ಗಲಾಟೆ ಈ ಅಂಕಿಗಳಿಗಾಗಿ ಆಗಬೇಕು ಎಂಬುದು ನನ್ನ ವಾದ. ಐನೂರು ಪುಟದ ಪುಸ್ತಕ ಹೋದರೆ ಹೋಗಲಿ. ಯಾವ ಬೋಲ್ಟಿಗೆ ಎಷ್ಟು ಟಾರ್ಕ್, ಯಾವುದನ್ನು ಮರುಬಳಸಬಾರದು, ಯಾವ ಆಯಿಲ್ ಎಷ್ಟು ಲೀಟರ್, ಸರ್ವಿಸ್ ಮೋಡ್‌ಗೆ ತರುವುದು ಹೇಗೆ, ಜೊತೆಗೆ ಈ ಕಾರಿನದೇ ವೈರಿಂಗ್ ನಕ್ಷೆ: ಇಷ್ಟನ್ನು ಸಣ್ಣ ಪುಸ್ತಿಕೆಯಾಗಿಯೋ, ಫೈಲಾಗಿಯೋ, ಕಾರಿನ ಕೀಲಿಯ ಜೊತೆಗೇ ಕೊಡಲಿ. ಇವೆಲ್ಲ ಅವರ ಹತ್ತಿರ ಇಲ್ಲವೇ? ಇವೆ. ಡೀಲರ್ ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿವೆ. ನಮ್ಮ ಕೈಗೆ ಬರುವ ಓನರ್ಸ್ ಮ್ಯಾನ್ಯುಯಲ್ಲಿನಲ್ಲಿ ಬ್ಲೂಟೂತ್ ಜೋಡಿಸುವುದು ಹೇಗೆಂದು ಪುಟಗಟ್ಟಲೆ ಇದೆ, ಕ್ಯಾಲಿಪರ್ ಬೋಲ್ಟಿನ ಟಾರ್ಕ್ ಇಲ್ಲ. ಹಳೆಯ ಕಾರುಗಳ ಜೊತೆ ಬರುತ್ತಿದ್ದ ತೆಳ್ಳನೆಯ ಪುಸ್ತಿಕೆಗಳಲ್ಲಿ ಪ್ಲಗ್ಗಿನ ಸಂದೆಷ್ಟು, ಟ್ಯಾಪೆಟ್ಟಿನ ಸಂದೆಷ್ಟು ಎಂದು ಮಾಲೀಕರನ್ನು ನಂಬಿ ಬರೆದಿರುತ್ತಿದ್ದರು.

ಇದು ಕೇವಲ ನಮ್ಮಂಥ ಹವ್ಯಾಸಿಗಳ ಗೊಣಗಾಟವಲ್ಲ. ಬಿಡಿಭಾಗ, ರೋಗಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಹಿಡಿದಿಟ್ಟುಕೊಂಡದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಹದಿನಾಲ್ಕು ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಕಾರು ರಿಪೇರಿಯ ಹಕ್ಕಿಗೆ ಕಾನೂನು ಮಾಡಿತು. 2020ರಲ್ಲಿ ಕಾರು ವೈರ್‌ಲೆಸ್ಸಾಗಿ ಕಳಿಸುವ ಮಾಹಿತಿಯೂ ಅದರಡಿ ಬರಲಿ ಎಂದು ಅಲ್ಲಿನ ನಾಲ್ವರಲ್ಲಿ ಮೂವರು ಮತದಾರರು ಹೇಳಿದರು. ಅಲ್ಲಿ ಕಂಪನಿಯ ಸರ್ವಿಸ್ ಮಾಹಿತಿಯನ್ನು ದುಡ್ಡು ಕಟ್ಟಿ ಒಂದೆರಡು ದಿನದ ಮಟ್ಟಿಗೆ ಓದಲು ಅವಕಾಶವಿದೆ. ಬಾಡಿಗೆ ಜ್ಞಾನ ನನಗೆ ರುಚಿಸುವುದಿಲ್ಲ, ಆದರೆ ಬಾಗಿಲು ಹಾಕಿರುವುದಕ್ಕಿಂತ ವಾಸಿ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಒಮ್ಮೆ ಹೊಕ್ಕು ನಿಮ್ಮ ಕಾರಿನ ಕಂಪನಿ ಅಲ್ಲಿ ಏನು ಇಟ್ಟಿದೆ ನೋಡಿ. ನಿಮಗೆ ಬೇಕಾದ ಅಂಕಿ ಅಲ್ಲಿಲ್ಲದಿದ್ದರೆ ಸುಮ್ಮನಿರಬೇಡಿ, ಕಂಪನಿಗೆ ಬರೆದು ಕೇಳಿ. ಸರ್ವಿಸ್ ಕೌಂಟರಿನ ಹುಡುಗನ ಹತ್ತಿರ ಜಗಳ ಬೇಡ, ಅವನ ಕೈಯಲ್ಲಿ ಏನೂ ಇಲ್ಲ.

ಅಷ್ಟರಲ್ಲಿ ನಿಮ್ಮ ಕೈಯಲ್ಲಾಗುವುದೂ ಒಂದಿಷ್ಟಿದೆ. ಹಳೆಯ ಕಾರು ಇಟ್ಟುಕೊಂಡವರು ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಕಾರ್ಬ್ಯುರೇಟರ್ ಜಿಪ್ಸಿಗೂ 800ಕ್ಕೂ ಕಾಗದದಷ್ಟು ಒಳ್ಳೆಯ ಜೊತೆ ಇವತ್ತಿಗೂ ಇನ್ನೊಂದಿಲ್ಲ. ಗ್ರೀಸ್ ಕೈಯಲ್ಲಿ ಮೊಬೈಲ್ ಪರದೆ ಉಜ್ಜುವುದು ಯಾರಿಗೆ ಸುಖ? ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಕಣ್ಣಾಡಿಸುತ್ತಿರಿ. ಸಿಕ್ಕರೆ ಕೊಳ್ಳುವ ಮುಂಚೆ ಹಿಂದಿನ ಕೆಲವು ಪುಟ ತೆರೆದು ನೋಡಿ. ಎಲ್ಲಕ್ಕಿಂತ ಮೊದಲು ಕಿತ್ತುಹೋಗುವುದು ವೈರಿಂಗ್ ಪುಟಗಳೇ. ಹೊಸ ಕಾರಿನವರು ಸ್ಕ್ಯಾನರಿಗೆ ದುಡ್ಡು ಹಾಕಿ, ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ತಾರೀಖು, ಎಷ್ಟು ಕಿಲೋಮೀಟರ್, ಏನು ಬಿಚ್ಚಿದಿರಿ, ಯಾವ ಪಾರ್ಟ್ ನಂಬರ್, ಎಷ್ಟಕ್ಕೆ ಬಿಗಿದಿರಿ, ಆ ಅಂಕಿ ಎಲ್ಲಿಂದ ಬಂತು ಎಂದು ಬರೆದಿಡಿ. ಕೊನೆಯದನ್ನು ಮರೆಯಬೇಡಿ. ಯಾರೋ ಹೇಳಿದ ಅಂಕಿಗೂ ಕಂಪನಿ ಕೊಟ್ಟ ಅಂಕಿಗೂ ಇರುವ ವ್ಯತ್ಯಾಸ ಎರಡು ವರ್ಷದ ಮೇಲೆ ನಿಮಗೇ ನೆನಪಿರುವುದಿಲ್ಲ. ಒಂದೇ ಮಾದರಿ ಕಾರಿನ ನಾಲ್ಕು ಜನ ಇಂಥ ನೋಟ್‌ಬುಕ್ ಇಟ್ಟು ತಮ್ಮತಮ್ಮಲ್ಲಿ ಹಂಚಿಕೊಂಡರೆ, ಯಾವ ಪ್ರಕಾಶಕರೂ ತರದ ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ.

ಕಂಪನಿಗೆ ಬರೆದವರಿಗೆ ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ. ಬರದಿದ್ದರೆ, ಬರಲಿಲ್ಲ ಅಂತಲಾದರೂ ತಿಳಿಸಿ.

ಇತಿ ನಿಮ್ಮವನೇ ಆದ ಒಬ್ಬ ಅಂಗಳದ ಮೆಕ್ಯಾನಿಕ್

ತಾ.ಕ.: ಜಿಪ್ಸಿ ಪುಸ್ತಕ ಎರವಲು ಕೇಳಿರುವ ಸಕಲೇಶಪುರದ ಗೆಳೆಯರಿಗೆ: ಬೇಕಾದ ಪುಟಗಳ ಫೋಟೊ ತೆಗೆದು ಇವತ್ತೇ ಕಳಿಸುತ್ತೇನೆ. ಪುಸ್ತಕ ಮಾತ್ರ ಕೊಡುವುದಿಲ್ಲ.